ಭೂತನಾಥನ ನೆರೆಮನೆಯಲ್ಲಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಥರ್ಸ್ಕ್ ಎಂಬ ಸಣ್ಣ ಊರಿದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ಮರದ ಕುರ್ಚಿಯನ್ನು ಗೋಡೆಗೆ, ಕೈಗೆಟುಕದ ಎತ್ತರದಲ್ಲಿ ತೂಗುಹಾಕಿದ್ದಾರೆ. ಯಾರೂ ಅದರ ಮೇಲೆ ಕೂರಬಾರದು, ಅದಕ್ಕೇ ಈ ಏರ್ಪಾಟು. 1702ರಲ್ಲಿ ಕೊಲೆ ಮಾಡಿ ಗಲ್ಲಿಗೇರಿದ ಥಾಮಸ್ ಬಸ್ಬಿ ಎಂಬವನ ಕುರ್ಚಿ ಅದು, ಕೂತವರು ಬದುಕುವುದಿಲ್ಲ ಎಂದು ಅವನು ಶಪಿಸಿದ್ದ ಎನ್ನುವುದು ಕಥೆ. ಬಹಳ ಕಾಲ ಒಂದು ಹೆಂಡದಂಗಡಿಯಲ್ಲಿದ್ದ ಈ ಕುರ್ಚಿಯನ್ನು ಅಂಗಡಿಯ ಯಜಮಾನ 1978ರಲ್ಲಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ ಕೈತೊಳೆದುಕೊಂಡ. ಆಮೇಲೆ ಹಳೆಯ ಪೀಠೋಪಕರಣಗಳನ್ನು ಬಲ್ಲ ಇತಿಹಾಸಕಾರರೊಬ್ಬರು ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದರ ಕಡ್ಡಿಗಳು ಯಂತ್ರದಲ್ಲಿ ಕಡೆದವು; ಕುರ್ಚಿ ತಯಾರಾದದ್ದು 1840ರ ಸುಮಾರಿಗೆ. ಬಸ್ಬಿ ಸತ್ತು ಒಂದು ಶತಮಾನ ದಾಟಿದ ಮೇಲೆ ಹುಟ್ಟಿದ ಕುರ್ಚಿಗೆ ಅವನ ಶಾಪ! ಕುರ್ಚಿ ಮಾತ್ರ ಇನ್ನೂ ಗೋಡೆಯ ಮೇಲೇ ಇದೆ. ನೋಡುವವರ ಸಂಖ್ಯೆಯೇನೂ ಕಡಿಮೆಯಾಗಿಲ್ಲ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇಂಥದೇ ಇನ್ನೊಂದಿದೆ, ಅದಕ್ಕೆ ನಮ್ಮ ದೇಶದ ನಂಟು. 'ದೆಹಲಿಯ ನೇರಳೆ ನೀಲಮಣಿ' ಎಂದು ಹೆಸರಾದ ಅದು ನೀಲಮಣಿಯೂ ಅಲ್ಲ, ದೆಹಲಿಯದೂ ಅಲ್ಲ. ಅದೊಂದು ಅಮೆಥಿಸ್ಟ್ ಕಲ್ಲು. 1857ರ ದಂಗೆಯ ಹೊತ್ತಿಗೆ ಕಾನ್ಪುರದ ಇಂದ್ರನ ಗುಡಿಯಿಂದ ಲೂಟಿಯಾಗಿ ಬಂದದ್ದು, ಇಟ್ಟುಕೊಂಡವರ ಮನೆ ಹಾಳಾಯಿತು, ಕಾಲುವೆಗೆ ಎಸೆದರೂ ತಿರುಗಿ ಬಂತು ಎಂದೆಲ್ಲ ಅದರ ಒಡೆಯ ಎಡ್ವರ್ಡ್ ಹೆರಾನ್-ಆಲೆನ್ ಎಂಬ ವಿದ್ವಾಂಸ 1904ರಲ್ಲಿ ಪತ್ರ ಬರೆದಿಟ್ಟ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಕಲ್ಲನ್ನು ಮುಚ್ಚಿಟ್ಟ. ಅವನು ತೀರಿಕೊಂಡ ಮೇಲೆ ಮಗಳು ಅದನ್ನು ಮ್ಯೂಸಿಯಂಗೆ ಕೊಟ್ಟಳು. ಇದೇ ಹೆರಾನ್-ಆಲೆನ್ ಬೇರೊಂದು ಹೆಸರಿನಲ್ಲಿ ನೇರಳೆ ನೀಲಮಣಿಯ ಮೇಲೆ ಒಂದು ಸಣ್ಣಕಥೆಯನ್ನೂ ಪ್ರಕಟಿಸಿದ್ದನಾದ್ದರಿಂದ, ಶಾಪದ ಕಥೆ ಅವನೇ ಹೆಣೆದದ್ದು ಎಂದು ಅನೇಕರ ಅನುಮಾನ. ನಮ್ಮ ಓದುಗರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಇಂದ್ರನಿಗೊಂದು ಗುಡಿ ಎಂದಾಗಲೇ ನಗು ಬರಬೇಕು. ವರುಣ, ಅಗ್ನಿ, ಇಂದ್ರರನ್ನು ನಾವು ಗುಡಿಯ ಚಾವಣಿಯಲ್ಲಿ ದಿಕ್ಪಾಲಕರಾಗಿ ಕೂರಿಸಿದ್ದೇವೆಯೇ ಹೊರತು, ಇಂದ್ರನಿಗೇ ಗರ್ಭಗುಡಿ ಕಟ್ಟಿದ್ದು ಬಲು ಅಪರೂಪ.

ಪಶ್ಚಿಮದ ದೇಶಗಳಲ್ಲಿ ಇಂಥ ವಸ್ತುಗಳಿಗಾಗಿಯೇ ಮೀಸಲಾದ ಮ್ಯೂಸಿಯಂಗಳಿವೆ, ರಜೆಯಲ್ಲಿ ಜನ ಟಿಕೆಟ್ ಕೊಟ್ಟು ಸಾಲು ನಿಲ್ಲುತ್ತಾರೆ. ಅಮೆರಿಕದ ಲಾಸ್ ವೇಗಾಸ್‌ನಲ್ಲಿ 2017ರಲ್ಲಿ ತೆರೆದದ್ದು ಅಂಥ ಒಂದು ದೊಡ್ಡ ಮ್ಯೂಸಿಯಂ. ಕೀ ವೆಸ್ಟ್ ಎಂಬಲ್ಲಿ ರಾಬರ್ಟ್ ಎಂಬ ಹಳೆಯ ಬೊಂಬೆಯ ಅನುಮತಿ ಕೇಳದೆ ಫೋಟೊ ತೆಗೆದವರು ಊರಿಗೆ ಹೋಗಿ ಕ್ಷಮೆ ಕೇಳಿ ಕಾಗದ ಬರೆಯುತ್ತಾರೆ. ಆ ಕಾಗದಗಳೇ ಬೊಂಬೆಯ ಹಿಂದಿನ ಗೋಡೆಗೆ ಅಲಂಕಾರ. ಬೆಂಗಳೂರಿನಿಂದ ದಸರಾ ರಜೆಗೆ ಬಾಗಲಕೋಟೆಗೆ ಬಂದಿದ್ದ ಅಕ್ಕನ ಮಗ ಇದನ್ನೆಲ್ಲ ಮೊಬೈಲ್‌ನಲ್ಲಿ ನೋಡಿ, "ಮಾಮಾ, ನಿಮ್ ಕಡೆ ದೆವ್ವದ ಮ್ಯೂಸಿಯಂ ಇಲ್ವಾ?" ಎಂದ. ಇದೆ ಎಂದು ಬಾದಾಮಿಗೆ ಕರೆದೊಯ್ದೆ.

ಹುಡುಗನನ್ನು ಸಾಗಹಾಕಲು ಹೇಳಿದ ಮಾತಲ್ಲ ಅದು. ಅಲ್ಲಿನ ಅಗಸ್ತ್ಯತೀರ್ಥವೆಂಬ ಹೊಂಡದ ಮೂಡಣ ದಂಡೆಯಲ್ಲಿ ನೀರಿಗೆ ಕಾಲುಚಾಚಿ ಕೂತಿರುವ ಗುಡಿ ಭೂತನಾಥನದು, ಅಂದರೆ ಭೂತಗಣಗಳ ಒಡೆಯ ಶಿವನದು. ಅದೇ ಹೊಂಡದ ಬಡಗಣ ಮಗ್ಗುಲಲ್ಲಿ, ಕೋಟೆಗೆ ಹತ್ತುವ ದಾರಿಯ ಬುಡದಲ್ಲಿ ಭಾರತೀಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಮೊದಲು ಬಿಡಿ ಶಿಲ್ಪಗಳನ್ನು ಕೂಡಿಡುವ ಕೊಟ್ಟಿಗೆಯಾಗಿದ್ದದ್ದು 1982ರಲ್ಲಿ ಪೂರ್ಣ ಪ್ರಮಾಣದ ಮ್ಯೂಸಿಯಂ ಆಯಿತು. ದೆವ್ವದ ಸಿನಿಮಾ ನೋಡುವವರಿಗೆ ಶುಕ್ರವಾರ ಪ್ರಶಸ್ತ ವಾರವಿರಬಹುದು. ಈ ಮ್ಯೂಸಿಯಂಗೆ ಮಾತ್ರ ಅಂದು ರಜೆ.

ಮ್ಯೂಸಿಯಂಗೆ ಮೊದಲು ತೆಂಕಣ ಗುಡ್ಡದ ಗುಹೆಗಳನ್ನು ನೋಡಿಬಂದರೆ ಒಳ್ಳೆಯದು. ಚಾಲುಕ್ಯರಿಗೆ ಭೂತಗಳ ಬಗ್ಗೆ ಯಾವ ಭಾವನೆ ಇತ್ತೆಂಬುದು ಅಲ್ಲಿನ ಅಧಿಷ್ಠಾನದ ಪಟ್ಟಿಕೆಗಳಲ್ಲಿ ಇದೆ. ಎಲ್ಲರೂ ಹದಿನೆಂಟು ಕೈಯ ನಟರಾಜನನ್ನೋ ಮೂರನೆಯ ಗುಹೆಯ ವಿಷ್ಣುವನ್ನೋ ನೋಡಲು ಕತ್ತೆತ್ತುತ್ತಾರೆ. ಮೊಣಕಾಲ ಮಟ್ಟದಲ್ಲಿ ಸಾಲಾಗಿ ಕುಣಿಯುವ ಕುಳ್ಳ ಗಣಗಳನ್ನು ನೋಡಲು ಬಗ್ಗಬೇಕು. ಬೊಜ್ಜು ಹೊಟ್ಟೆ, ಗಿಡ್ಡ ಕಾಲು, ಒಬ್ಬ ಮದ್ದಳೆ ಬಾರಿಸಿದರೆ ಇನ್ನೊಬ್ಬ ಹಲ್ಲು ಕಿರಿಯುತ್ತಾನೆ, ಮತ್ತೊಬ್ಬ ಬೆನ್ನು ತೋರಿಸಿ ನಿಂತಿದ್ದಾನೆ. ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಭೃಂಗಿ ಎಲುಬಿನ ಹಂದರವಾಗಿ ನಿಂತು ಕೈಮುಗಿಯುತ್ತಾನೆ. ಐಹೊಳೆಯ ರಾವಣಫಡಿಯಲ್ಲೂ ಅವನು ಸಿಗುತ್ತಾನೆ. ಅಸ್ಥಿಪಂಜರ ಕಂಡು ಹೆದರುವ ಮಾತಿರಲಿ, ಪಾರ್ವತಿಯನ್ನು ಬಿಟ್ಟು ಶಿವನಿಗಷ್ಟೇ ಸುತ್ತುಬಂದ ಹಟಮಾರಿಗೆ ಮೈಯ ಮಾಂಸವೆಲ್ಲ ಇಳಿದುಹೋದ ಕಥೆ ಕೇಳಿ ಹುಡುಗ ಜೋರಾಗಿ ನಕ್ಕ. ಚಾಲುಕ್ಯರ ಮಂಗಳೇಶ 578ರಲ್ಲಿ ಮೂರನೆಯ ಗುಹೆಯ ಶಾಸನ ಹಾಕಿಸುವ ಹೊತ್ತಿಗೆ ಈ ಊರಿನಲ್ಲಿ ಭೂತಗಳು ನಗಿಸುವ ಕೆಲಸಕ್ಕೆ ನೇಮಕವಾಗಿದ್ದವು ಎಂದೇ ನನಗನ್ನಿಸುತ್ತದೆ.

ಹಾಗಾದರೆ ಭಯ ಎಲ್ಲಿದೆ? ನಮ್ಮಲ್ಲಿ ಭಯ ಇರುವುದು ಮುರಿದದ್ದರಲ್ಲಿ. ಮೂಗು ಹೋದ ಮೂರ್ತಿ, ಕೈ ಮುರಿದ ದೇವಿ, ಬಿರುಕು ಬಿಟ್ಟ ಲಿಂಗ ಮನೆಯಲ್ಲಿರಬಾರದು, ಪೂಜೆಗೆ ಬಾರದು, ಹೊಳೆಗೋ ಬಾವಿಗೋ ಬಿಡಬೇಕು ಎಂದು ಹಿರಿಯರು ಹೇಳುವುದನ್ನು ಕೇಳದವರಿಲ್ಲ. ಆ ಲೆಕ್ಕದಲ್ಲಿ ಬಾದಾಮಿಯ ಮ್ಯೂಸಿಯಂ ಎಂದರೆ ಯಾವ ಮನೆಯೂ ಇಟ್ಟುಕೊಳ್ಳಲೊಪ್ಪದ ವಸ್ತುಗಳ ಮನೆ. ಭಗ್ನ ಮೂರ್ತಿಗಳು, ಕಾದಾಟದಲ್ಲಿ ಸತ್ತವರ ವೀರಗಲ್ಲುಗಳು, ಗುಡಿ ಕಳೆದುಕೊಂಡ ದೇವರುಗಳು. ಥರ್ಸ್ಕ್‌ನ ಕುರ್ಚಿಗಿಂತ ಇವಕ್ಕೆ ಭಯ ಹುಟ್ಟಿಸುವ ಹಕ್ಕು ಹೆಚ್ಚು.

ಆದರೂ ಯಾರೂ ಹೆದರುವುದಿಲ್ಲ. ಶಾಲೆಯ ಮಕ್ಕಳು ಸಾಲಾಗಿ ಬಂದು, ಸಾಲಾಗಿ ಹೋಗುತ್ತಾರೆ. ಇದಕ್ಕೆ ನಮ್ಮ ಪರಂಪರೆಯಲ್ಲೇ ಒಂದು ಕಾರಣವಿದೆ. ಆಗಮಗಳ ಪ್ರಕಾರ ಮೂರ್ತಿಯಲ್ಲಿ ದೇವರು ಇರುವುದು ಪ್ರಾಣಪ್ರತಿಷ್ಠೆ ಆದ ಮೇಲೆ. ಜೀರ್ಣೋದ್ಧಾರದ ವೇಳೆ ಕಲಾಕರ್ಷಣೆ ಮಾಡಿ ಆ ಚೈತನ್ಯವನ್ನು ಕಲಶದ ನೀರಿಗೆ ಇಳಿಸಿಕೊಂಡು, ಹೊಸ ಮೂರ್ತಿಗೆ ಸಾಗಿಸುತ್ತಾರೆ. ಉಳಿಯುವುದು ಬರೀ ಕಲ್ಲು, ಬರೀ ಮರ. ಕರಾವಳಿಯ ಭೂತಾರಾಧನೆಯಲ್ಲೂ ಹಳೆಯದನ್ನು ವಿಧಿಪೂರ್ವಕ ಇಳಿಸಿ ಹೊಸದನ್ನು ಏರಿಸುವ ಕ್ರಮವಿದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಆಳೆತ್ತರದ ಮರದ ಭೂತಗಳು ಇಂದು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನಿಂತಿವೆ. ಊರಲ್ಲಿದ್ದಾಗ ಅವುಗಳ ಎದುರು ಚಪ್ಪಲಿ ಬಿಡದೆ ನಿಲ್ಲಲು ಯಾರಿಗೂ ಧೈರ್ಯವಿರುತ್ತಿರಲಿಲ್ಲ. ವಸ್ತುವಿನಿಂದ ದೈವವನ್ನು ಬಿಡಿಸಿ ಕಳಿಸುವ ವಿಧಾನ ಇಷ್ಟು ಸ್ಪಷ್ಟವಾಗಿರುವಾಗ, ಶಾಪ ಅಂಟಿಕೊಂಡ ಕುರ್ಚಿಯಂಥವು ಇಲ್ಲಿ ಹುಟ್ಟುವುದೇ ಕಷ್ಟ.

ಎರಡನೆಯ ಕಾರಣ ಚೀಟಿ. ಮೂರ್ತಿಯ ಕೆಳಗಿನ ಫಲಕದಲ್ಲಿ ಹೆಸರು, ಶಿಲೆ, ಶತಮಾನ, ಸಿಕ್ಕ ಊರು ಇಷ್ಟಿದ್ದರೆ ಮುಗಿಯಿತು. ಲಾಸ್ ವೇಗಾಸ್‌ನ ಚೀಟಿ ಹೇಳುವುದೆಲ್ಲ ಕಥೆ, ವಸ್ತುವಿನ ವಯಸ್ಸು ಯಾರಿಗೂ ಬೇಡ. ನಮ್ಮ ಚೀಟಿಯಲ್ಲಿ ವಯಸ್ಸು ಮಾತ್ರ, ಕಥೆಗೆ ಜಾಗವಿಲ್ಲ. ನನ್ನ ತಕರಾರು ಎರಡರ ಮೇಲೂ ಇದೆ. ಎರಡನೆಯದರ ಮೇಲೆ ತುಸು ಹೆಚ್ಚು, ಏಕೆಂದರೆ ಅದು ನಮ್ಮದು.

ಲಜ್ಜಾಗೌರಿಯನ್ನೇ ತೆಗೆದುಕೊಳ್ಳಿ. ಬಾದಾಮಿ ಮ್ಯೂಸಿಯಂನ ಅತಿ ಹೆಸರಾಂತ ಶಿಲ್ಪ ಇದು, ನಾಗನಾಥನಕೊಳ್ಳದ ಗುಡಿಯಿಂದ ಬಂದದ್ದು. ತಲೆಯ ಜಾಗದಲ್ಲಿ ಅರಳಿದ ಕಮಲ, ಹೆರಿಗೆಗೆ ಕೂತ ಭಂಗಿ. ದೊಡ್ಡವರ ಜೊತೆ ಬಂದ ಮಕ್ಕಳನ್ನು ಇಲ್ಲಿಂದ ಬೇಗ ಮುಂದಕ್ಕೆ ದಬ್ಬಲಾಗುತ್ತದೆ, ಸೆಲ್ಫಿಯವರು ಅರೆನಗುತ್ತ ನಿಲ್ಲುತ್ತಾರೆ. ಇಲ್ಲಿಂದ ಐಹೊಳೆಯ ದಾರಿಗೆ ಬಿದ್ದು ಸಿದ್ದನಕೊಳ್ಳಕ್ಕೆ ಹೋದರೆ ಅಲ್ಲಿಯೂ ಇದೇ ದೇವಿ, ಇದೇ ಭಂಗಿ, ಇದೇ ಬಂಡೆಗಲ್ಲು. ಅಲ್ಲಿ ಅವಳು ಕೆಲಸದಲ್ಲಿದ್ದಾಳೆ. ಮಕ್ಕಳಾಗದ ಹೆಣ್ಣುಮಕ್ಕಳು ಬಂದು ಹರಕೆ ಹೊರುತ್ತಾರೆ, ಕಲ್ಲು ಎಣ್ಣೆಯಿಂದ ಮಿರುಗುತ್ತದೆ, ಕುಂಕುಮ ಮೆತ್ತಿದೆ, ಮಠದಲ್ಲಿ ದಾಸೋಹ ನಡೆಯುತ್ತದೆ. ಅರೆನಗುವವರು ಅಲ್ಲಿಲ್ಲ. ಎರಡೂ ಕಲ್ಲುಗಳ ನಡುವೆ ಶಿಲ್ಪಶಾಸ್ತ್ರದ ವ್ಯತ್ಯಾಸ ಹುಡುಕಿದರೆ ಅಷ್ಟಿಷ್ಟು ಸಿಕ್ಕೀತು. ಜನರ ನಡವಳಿಕೆಯ ವ್ಯತ್ಯಾಸ ಆಕಾಶ ಪಾತಾಳದಷ್ಟು. ಬಾದಾಮಿಯ ಫಲಕಕ್ಕೆ ಒಂದು ಸಾಲು ಸೇರಿಸಿ, ಈ ದೇವಿಯನ್ನು ಇವತ್ತಿಗೂ ಸಿದ್ದನಕೊಳ್ಳದಲ್ಲಿ ಪೂಜಿಸುತ್ತಾರೆ ಎಂದು ಬರೆದರೆ ಅರ್ಧ ನಗು ತಾನಾಗಿ ಇಳಿಯುತ್ತಿತ್ತು.

ಬಾದಾಮಿಯ ಹಳೆಯ ಹೆಸರು ವಾತಾಪಿ. ಆ ಹೆಸರಿನ ರಾಕ್ಷಸನ ಕಥೆ ಗೊತ್ತಿರುವಂಥದ್ದೇ. ಅಣ್ಣ ಇಲ್ವಲ ತಮ್ಮನನ್ನು ಟಗರು ಮಾಡಿ, ಕೊಯ್ದು, ಬೇಯಿಸಿ, ಅತಿಥಿಗೆ ಬಡಿಸಿ, ಉಂಡಾದ ಮೇಲೆ ಹೆಸರು ಹಿಡಿದು ಕೂಗುತ್ತಿದ್ದ. ಅತಿಥಿಯ ಹೊಟ್ಟೆ ಸೀಳಿಕೊಂಡು ತಮ್ಮ ಹೊರಬರುತ್ತಿದ್ದ. ಅಗಸ್ತ್ಯರು ಕೂಗಿಗೆ ಮೊದಲೇ ಅರಗಿಸಿಕೊಂಡರು. ಮಗುವಿಗೆ ಉಣಿಸಿ ಹೊಟ್ಟೆ ಸವರುತ್ತ 'ವಾತಾಪಿ ಜೀರ್ಣೋ ಭವ' ಎನ್ನುವ ಅಜ್ಜಿಯರು ಇನ್ನೂ ಇದ್ದಾರೆ. ಜಗತ್ತಿನ ಭಯಾನಕ ಭೋಜನವೊಂದನ್ನು ಮಗುವಿನ ಅಜೀರ್ಣದ ಮಂತ್ರವಾಗಿ ಬಳಸಿಕೊಂಡ ಜನ ನಾವು. ಇದೇ ಊರಿನ ಹೆಸರಿಗೆ ಅಂಟಿಕೊಂಡ ಮತ್ತೊಂದು ವಸ್ತು ಗಣಪತಿ. ಪಲ್ಲವ ನರಸಿಂಹವರ್ಮ 642ರ ಸುಮಾರಿಗೆ ವಾತಾಪಿಯನ್ನು ಗೆದ್ದಾಗ ಅವನ ದಂಡನಾಯಕ ಇಲ್ಲಿಂದ ಗಣಪತಿಯನ್ನು ಹೊತ್ತೊಯ್ದನೆಂದು ತಮಿಳುನಾಡಿನ ತಿರುಚೆಂಗಾಟ್ಟಾಂಗುಡಿಯಲ್ಲಿ ಹೇಳುತ್ತಾರೆ. ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಅದಿರಲಿ, ಲಂಡನ್ನಿನ ಲೂಟಿಯ ಕಲ್ಲು ಶಾಪವಾದರೆ, ಲೂಟಿಯಾಗಿ ಹೋದನೆನ್ನುವ ನಮ್ಮ ಗಣಪ ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿಯ ಕೃತಿಯಾಗಿ ಕಛೇರಿಯ ಆರಂಭಕ್ಕೆ ಬಂದು ಕೂತ. ಗಣಪತಿಯನ್ನು ಕದ್ದರೆ ಸಂಗೀತ ಬರುತ್ತದೆ ಎಂದು ಯಾರೂ ಪ್ರಯೋಗ ಮಾಡಬೇಕಾಗಿಲ್ಲ, ಅಷ್ಟೇ.

ನಗಲಾಗದ ಜಾಗ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿದೆ. ದುರ್ಗಗುಡಿಯ ಆವರಣದ ಮ್ಯೂಸಿಯಂನಲ್ಲಿ ಮೇಗುಟಿ ಬಸದಿಯ ಅಂಬಿಕೆಯನ್ನು ನೋಡಿ ಬೆಟ್ಟ ಹತ್ತಿದರೆ ರವಿಕೀರ್ತಿಯ 634ರ ಶಾಸನವಿರುವ ಬಸದಿ. ಪ್ರವಾಸಿಗರ ಮೆರವಣಿಗೆ ಅಲ್ಲಿಗೇ ನಿಲ್ಲುತ್ತದೆ. ಬಸದಿಯ ಹಿಂದೆ ನಡೆದರೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಹೊದಿಸಿದ ಗೂಡುಗಳು ನಲವತ್ತಕ್ಕೂ ಹೆಚ್ಚು ಕಾಣುತ್ತವೆ. ಬೃಹತ್ ಶಿಲಾಯುಗದ ಸಮಾಧಿಗಳಿವು, ಚಾಲುಕ್ಯರಿಗಿಂತ ನೂರಾರು ವರ್ಷ ಹಿಂದಿನವು. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ.

ಊರವರಿಗೆ ಇವು ಮೋರೇರ ಮನೆಗಳು. ಈ ಹೆಸರು ಕೊಪ್ಪಳದ ಹಿರೇಬೆಣಕಲ್‌ವರೆಗೂ ಹಬ್ಬಿದೆ. ಮೋರೇರು ಎಂದರೆ ಗಿಡ್ಡ ಜನ, ಬೆಂಕಿಮಳೆ ಬಿದ್ದು ಎಲ್ಲರೂ ಒಮ್ಮೆಗೇ ಅಳಿದರು, ಮನೆಗಳು ಮಾತ್ರ ಉಳಿದವು ಎನ್ನುತ್ತಾರೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಕೃಷ್ಣೆಯ ಆಚೆಗಿನ ರಾಜನಕೋಳೂರಿನ ಇಂಥದೇ ಗೂಡುಗಳನ್ನು ಅಗೆಸಿ ನೋಡಿ ಬರೆದಾಗ, ಕುಳ್ಳ ಜನರ ಈ ನಂಬಿಕೆಯನ್ನೂ ದಾಖಲಿಸಿದ. ಸಮಾಧಿ ಎಂಬುದನ್ನು ಮರೆತ ಜನ ಅಷ್ಟು ಸಣ್ಣ ಬಾಗಿಲ ಮನೆಯಲ್ಲಿ ಎಂಥವರು ಇದ್ದಾರು ಎಂದು ಯೋಚಿಸಿ ಕಂಡುಕೊಂಡ ಉತ್ತರ ಅದು. ತರ್ಕದಲ್ಲಿ ತಪ್ಪಿಲ್ಲ. ಅಲ್ಲಿ ಮಲಗಬಾರದು, ಕಲ್ಲು ಮುಟ್ಟಬಾರದು, ಮುಸ್ಸಂಜೆಗೆ ದನ ಹೊಡೆದುಕೊಂಡು ಇಳಿಯಬೇಕು ಎಂಬಂಥ ಕಟ್ಟುಪಾಡುಗಳೂ ಇಂಥ ಜಾಗಗಳಿಗೆ ಇರುತ್ತವೆ. ಸಾವಿರಾರು ವರ್ಷ ಈ ಗೂಡುಗಳನ್ನು ಕಾಯ್ದದ್ದು ಯಾವ ಇಲಾಖೆಯೂ ಅಲ್ಲ, ಆ ಅಂಜಿಕೆ.

ಅದನ್ನು ಸೋಲಿಸಿದ್ದು ವಿಜ್ಞಾನ ಎಂದುಕೊಂಡರೆ ಸಂತೋಷಪಡಬಹುದಿತ್ತು. ಸೋಲಿಸಿದ್ದು ಇನ್ನೊಂದು ದೆವ್ವ, ನಿಧಿ ಕಾಯುವ ದೆವ್ವ. ಹಳೆಯ ಕಲ್ಲಿನಡಿ ಹೊನ್ನಿನ ಕೊಪ್ಪರಿಗೆ ಇರುತ್ತದೆ, ಅದನ್ನು ಸರ್ಪವೋ ಭೂತವೋ ಕಾಯುತ್ತದೆ, ಅಮಾವಾಸ್ಯೆಯ ರಾತ್ರಿ ಬಲಿ ಕೊಟ್ಟರೆ ಬಿಟ್ಟುಕೊಡುತ್ತದೆ ಎಂಬ ನಂಬಿಕೆಗೆ ಉತ್ತರ ಕರ್ನಾಟಕದ ಹಾಳುಗುಡಿಗಳು ತೆತ್ತ ಬೆಲೆ ದೊಡ್ಡದು. ಲಿಂಗ ಕಿತ್ತು ಪಾಣಿಪೀಠದಡಿ ತೋಡಿದ ಗುಂಡಿ, ಹೊಟ್ಟೆ ಒಡೆದ ನಂದಿ, ಪಕ್ಕದಲ್ಲಿ ಲಿಂಬೆಹಣ್ಣು, ಕುಂಕುಮ, ಕೋಳಿಪುಕ್ಕ. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಈ ಚಿತ್ರ ಎಷ್ಟು ಸಲ ಬಂದಿಲ್ಲ! ಮೇಗುಟಿಯ ಗೂಡುಗಳಲ್ಲೂ ಅನೇಕವನ್ನು ನಿಧಿಗಳ್ಳರು ಕೆಡವಿಹಾಕಿದ್ದಾರೆ. ವಾಮಾಚಾರದ ವಿರುದ್ಧ ಕರ್ನಾಟಕ 2017ರಲ್ಲಿ ಮಾಡಿ 2020ರಲ್ಲಿ ಜಾರಿಗೆ ತಂದ ಕಾಯ್ದೆ ನಿಧಿಶೋಧದ ಹೆಸರಿನ ಅಮಾನುಷ ಆಚರಣೆಗಳನ್ನೂ ಅಪರಾಧವೆಂದು ಹೆಸರಿಸಿದೆ. ಕಾನೂನಿನ ಜೊತೆಗೆ, ಗೂಡಿನ ಮುಂದೆ ಒಂದು ಫಲಕವೂ ಬೇಕು: ಇದರೊಳಗೆ ಇದ್ದದ್ದು ಎಲುಬು ಮತ್ತು ಮಡಕೆ, ಬಂಗಾರವಲ್ಲ, ಇದನ್ನು ನಿಮ್ಮ ಹಿರಿಯರು ಮೋರೇರ ಮನೆ ಎಂದು ಕರೆದು ಮುಟ್ಟದೆ ಬಿಟ್ಟಿದ್ದರು. ಕಥೆಯನ್ನು ಮೂಢನಂಬಿಕೆ ಎಂದು ಅಳಿಸಿಹಾಕುವವರು ಒಂದು ಸಂಗತಿ ಗಮನಿಸಬೇಕು. ಅಂಜಿಕೆಯ ಕಥೆ ಹೋದ ಜಾಗಕ್ಕೆ ಆಸೆಯ ಕಥೆ ಬಂದು ಕೂರುತ್ತದೆ, ಜಾಗ ಖಾಲಿ ಇರುವುದಿಲ್ಲ.

ವಸ್ತುಗಳಿಗೆ ದೈವ ಹಚ್ಚುವ ಚಾಳಿಯನ್ನು ಹಿಂದೆಯೇ ಗೇಲಿ ಮಾಡಿದವರೂ ಇದೇ ತಾಲ್ಲೂಕಿನಲ್ಲಿ ಐಕ್ಯವಾದವರೇ. ಕೂಡಲಸಂಗಮದ ಬಸವಣ್ಣನವರು ಒಂದು ವಚನದಲ್ಲಿ ಅಡುಗೆಮನೆಯ ಪಾತ್ರೆಯಿಂದ ಹಿಡಿದು ಬೀದಿಯ ಕಲ್ಲಿನವರೆಗೆ, ಜನ ದೇವರೆಂದು ಕೈಮುಗಿಯುವ ಸಾಮಾನುಗಳನ್ನು ಸಾಲುಹಿಡಿದು ಹೆಸರಿಸುತ್ತಾರೆ. ಕಾಲಿಡಲು ಜಾಗವಿಲ್ಲದಷ್ಟು ದೇವರಾದರು ಎಂಬುದು ಅವರ ವ್ಯಂಗ್ಯ. ಅದನ್ನೊಂದು ಮ್ಯೂಸಿಯಂನ ದಾಖಲೆ ಪುಸ್ತಕದಂತೆ ಓದಿದರೆ ಹನ್ನೆರಡನೆಯ ಶತಮಾನದ ಮನೆಯೊಂದರ ಸಾಮಾನೆಲ್ಲ ಕಣ್ಣಮುಂದೆ ಬರುತ್ತದೆ. ಅವರ ಐಕ್ಯಮಂಟಪಕ್ಕೆ ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಬಂದಾಗ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಮಂಟಪವನ್ನು ಒಣಗಿಟ್ಟುಕೊಂಡರು. ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ಹೋಗಬೇಕು. ವಸ್ತುಪೂಜೆಯನ್ನು ಒಲ್ಲದವರ ನೆನಪನ್ನು ಉಳಿಸಲು ಇಷ್ಟು ಕಲ್ಲು ಸಿಮೆಂಟು ಖರ್ಚಾಯಿತಲ್ಲ ಎಂದು ಯಾರಾದರೂ ಕೊಂಕು ತೆಗೆದರೆ, ಇಳಿದು ನೋಡಿ ಬಂದು ಮಾತಾಡಿ ಎನ್ನುತ್ತೇನೆ.

ಮನುಷ್ಯನ ಮೈ ಮುಟ್ಟಿದ್ದಕ್ಕೆ ಮನುಷ್ಯನ ಗುಣ ಅಂಟುತ್ತದೆಂಬ ಭಾವನೆ ಓದಿದವರಲ್ಲೂ ಹೋಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು, ಹಿಟ್ಲರ್ ತೊಟ್ಟಿದ್ದ ಸ್ವೆಟರ್ ಕೊಟ್ಟರೆ ಹಾಕಿಕೊಳ್ಳುವಿರಾ ಎಂದು ಜನರನ್ನು ಕೇಳಿದರು. ಒಗೆದು ಕೊಟ್ಟರೂ ಬೇಡವೆಂದವರೇ ಬಹಳ. ಮಾನವಶಾಸ್ತ್ರಜ್ಞ ಫ್ರೇಜರ್ 1890ರಲ್ಲಿ 'ದಿ ಗೋಲ್ಡನ್ ಬೌ' ಬರೆದಾಗ ಇದನ್ನು ಕಾಡುಜನರ ಮಾಟದ ನಿಯಮ ಎಂದುಕೊಂಡಿದ್ದ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲೂ ಅದು ಸಿಕ್ಕಿತು.

ಇಳಕಲ್‌ಗೆ ಬಂದರೆ ಈ ಅಂಟು ಬೇರೆ ಬಣ್ಣದ್ದು. ಮೈಗೆ ನೂಲು, ಸೆರಗಿಗೆ ರೇಷ್ಮೆ ಹೂಡಿ ನೇಯುವ ಇಲ್ಲಿಯ ಸೀರೆ ಉಟ್ಟು ಉಟ್ಟು ಸವೆದ ಮೇಲೆ ಕೌದಿಗೆ ಹೋಗುತ್ತದೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸುವ ಮೊದಲು, ತುಂಬಿದ ಬಾಳು ಬಾಳಿದ ಹಿರಿಯರ ಹಳೆಯ ಬಟ್ಟೆಯಲ್ಲಿ ಸುತ್ತುವ ರೂಢಿ ನಮ್ಮ ಕಡೆ ಇದೆ. ಮೆತ್ತಗಿರುತ್ತದೆ ಎಂಬುದು ಒಂದು ಕಾರಣ. ಅವರ ಆಯುಷ್ಯ ಕೂಸಿಗೂ ತಾಗಲಿ ಎಂಬುದು ಬಾಯಿಬಿಟ್ಟು ಹೇಳುವ ಕಾರಣ. ಹಳೆಯ ಬಾಗಲಕೋಟೆ ಆಲಮಟ್ಟಿಯ ಹಿನ್ನೀರಿಗೆ ಮುಳುಗಡೆಯಾದಾಗ ನವನಗರಕ್ಕೆ ಬಂದವರು ಬಾಗಿಲು, ತೊಲೆ, ಕಂಬ ಕಿತ್ತು ತಂದದ್ದರ ಹಿಂದೆ ಸಾಗವಾನಿಯ ಬೆಲೆಯ ಲೆಕ್ಕವೂ ಇತ್ತು, ಈ ಲೆಕ್ಕವೂ ಇತ್ತು. ರೋಜಿನ್ನನ ಪ್ರಶ್ನೆಯನ್ನು ತಿರುವಿ, ನಿಮ್ಮಜ್ಜಿಯ ಸೀರೆ ಹೊದ್ದುಕೊಳ್ಳುತ್ತೀರಾ ಎಂದು ಇಳಕಲ್‌ನಲ್ಲಿ ಕೇಳಿದರೆ, ಕೇಳಿದವನ ತಲೆ ಸರಿಯಿದೆಯೇ ಎಂದು ನೋಡಿಯಾರು.

ಅದೇ ಊರಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ಅಲೆಯಲು ಹೊರಟರು. ಬೇಡಿದ್ದು ಕಾಳನ್ನಲ್ಲ, ಕಾಸನ್ನೂ ಅಲ್ಲ. ಕುಡಿತ, ಬೀಡಿ, ತಂಬಾಕು, ಇಸ್ಪೀಟು, ನಿಮ್ಮನ್ನು ಹಿಡಿದದ್ದು ಯಾವುದೋ ಅದನ್ನು ಇದರೊಳಗೆ ಹಾಕಿಬಿಡಿ ಎಂದರು. ಮಹಾಂತ ಜೋಳಿಗೆ ಎಂದು ಅದು ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಹಿಡಿದ ದೆವ್ವ ಬಿಡಿಸಲು ಬೇವಿನ ಸೊಪ್ಪು ಹಿಡಿಯುವವರನ್ನು ನೋಡಿದ್ದ ಹಳ್ಳಿಗಳಿಗೆ ಈ ವಿಧಾನ ಹೊಸದು, ಆದರೆ ಅಪರಿಚಿತವೇನೂ ಆಗಿರಲಿಲ್ಲ. ಸ್ವಾಮಿಗಳ ಎದುರು ಕೈಯಾರೆ ಹಾಕಿದ ಮೇಲೆ ಮತ್ತೆ ಮುಟ್ಟಬಾರದೆಂಬ ಅಂಜಿಕೆಯೂ ಅದರಲ್ಲಿ ಕೆಲಸ ಮಾಡಿರಬೇಕು. ಮಠದ ಅಂಗಳದಲ್ಲಿ ನಿಂತು ಇಷ್ಟನ್ನು ಹೇಳಿದಾಗ ಹುಡುಗ ಕೇಳಿದ್ದು ಒಂದೇ: "ಮೊಬೈಲೂ ಹಾಕಬೇಕಾ ಮಾಮಾ?" ಅವರಮ್ಮ ಹಾಕಿಸಲು ತಯಾರಾಗಿಯೇ ಇದ್ದಳು.